ಮನೆಯಿಂದ ಒಬ್ಬರು

ಫೆಬ್ರುವರಿ ೧೮, ಭಾನುವಾರ

ಅತ್ತೆಯವರಿಗೆ ನಮಸ್ಕಾರಗಳು.

ಕೋರ್ಟಿನ ಕಾಗದ ಕೈಗೆ ಬಂದ ದಿನವೇ ನಿಮ್ಮನ್ನು ಹೀಗೆ ಕರೆಯುವ ಹಕ್ಕು ಹೋಯಿತು ಎಂದು ವಕೀಲರು ಹೇಳಿಯಾರು. ಆದರೆ ಅವರು ಬದಲಿಗೆ ಬೇರೆ ಶಬ್ದ ಕೊಡಲಿಲ್ಲ. ಹೆಸರು ಹಿಡಿಯೋಣವೆಂದರೆ ನಾಲಿಗೆ ಹೊರಳುವುದಿಲ್ಲ. ‘ಮಾನ್ಯರೇ’ ಎಂದರೆ ನಲ್ಲಿ ನೀರಿನ ತಕರಾರು ಅರ್ಜಿಯಾಗುತ್ತದೆ. ನೀವು ಬೇಡ ಅನ್ನುವವರೆಗೆ ಹಳೆಯದನ್ನೇ ಬಳಸುತ್ತೇನೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಅರ್ಧ ನಿಮಗೆ ಕೇಳಿಸುವುದಿಲ್ಲ, ಉಳಿದರ್ಧ ನಿಮ್ಮ ಮಗನಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ.

ನಾನಿರುವ ಕೋಣೆ ಚಿಕ್ಕದು. ಮಂಚ, ಮೇಜು, ನಾನು, ಈ ಮೂವರಲ್ಲಿ ಒಬ್ಬರು ಅಲುಗಾಡಬೇಕಾದರೆ ಇನ್ನಿಬ್ಬರು ದಾರಿ ಬಿಡಬೇಕು. ಕೆಲಸ ಚಷ್ಮಾ ಅಂಗಡಿಯಲ್ಲಿ. ಬಂದವರು ಕನ್ನಡಿ ನೋಡಿಕೊಂಡು “ಹೇಗಿದೆ?” ಅನ್ನುತ್ತಾರೆ, ನಾನು “ಒಪ್ಪುತ್ತೆ” ಅನ್ನುತ್ತೇನೆ. ದಿನಕ್ಕೆ ಅಷ್ಟೇ ಮಾತು. ಭಾನುವಾರ ಅಂಗಡಿಗೆ ರಜ. ಅವತ್ತು ಅದೂ ಇಲ್ಲ.

ಪುಸ್ತಕಕ್ಕೊಂದು ಗೋಡೆಹಲಗೆ ಬೇಕಿತ್ತು. ಒಂದು ಹಲಗೆಗೋಸ್ಕರ ಬಡಗಿ ಬರಲೊಲ್ಲ. ಮನೆಯ ಮಾಲೀಕರು, ಬೀದಿಯ ಕೊನೆಯಲ್ಲಿ ಹಳೆಯ ಐಸ್ ಫ್ಯಾಕ್ಟರಿ ಇದೆಯಲ್ಲ, ಅಲ್ಲಿ ಹೋಗಿ ನೀವೇ ಮಾಡಿಕೊಳ್ಳಿ ಎಂದರು. ಅದೊಂದು ಎಲ್ಲರೂ ಸೇರಿ ನಡೆಸುವ ವರ್ಕ್‌ಶಾಪ್. ಚಂದಾ ಕಟ್ಟಿದವರೆಲ್ಲ ಸದಸ್ಯರು. ಗರಗಸ, ಡ್ರಿಲ್ಲು, ಮರ ಕಡೆಯುವ ಲೇತು, ಎಲ್ಲವೂ ಎಲ್ಲರದ್ದು. ಆದರೆ ಹೊಸಬರು ಸುಮ್ಮನೆ ಹೋಗಿ ಮುಟ್ಟುವ ಹಾಗಿಲ್ಲ. ಯಂತ್ರಗಳ ಉಸ್ತುವಾರಿಗೆ ಒಬ್ಬ ಮೇಸ್ತ್ರಿ ಇದ್ದಾರೆ. ಯಾರು ಯಾವುದಕ್ಕೆ ಕೈ ಚಾಚಿದರೂ “ತಡೀರಿ” ಅನ್ನುತ್ತಾರೆ. ಹಾಗಾಗಿ ಅವರಿಗೆ ತಡೀರಿ ಮೇಸ್ತ್ರಿ ಎಂದೇ ಹೆಸರು.

ಅವರದೊಂದು ಪದ್ಧತಿ. ಮೊದಲು ಅವರು ಮಾಡುವುದನ್ನು ನೋಡಬೇಕು. ಆಮೇಲೆ ಅವರು ಪಕ್ಕದಲ್ಲಿ ನಿಂತಿರುವಾಗ ನಾವು ಮಾಡಬೇಕು. ಕೊನೆಗೆ ನಮ್ಮ ಮನೆಯಿಂದ ಒಬ್ಬರನ್ನು ಕರೆತಂದು, ಕಲಿತದ್ದನ್ನು ಅವರಿಗೆ ಕಲಿಸಿ ತೋರಿಸಬೇಕು. ಆ ಮೇಲೆಯೇ ಆ ಯಂತ್ರ ನಮಗೆ.

“ಮನೆಯವರೇ ಯಾಕೆ?” ಎಂದು ಕೇಳಿದೆ.

“ಬೇರೆಯವರು ಮರ್ಯಾದೆಗೆ ತಲೆ ಆಡಿಸ್ತಾರೆ. ಮನೆಯವರು ಆಡಿಸಲ್ಲ. ಅರ್ಥ ಆಗದಿದ್ರೆ ಬೈತಾರೆ. ಅಲ್ಲದೆ ಇಲ್ಲಿ ನೀವು ಏನು ಮಾಡ್ತೀರಿ ಅಂತ ಮನೇಲಿ ಒಬ್ಬರಿಗಾದ್ರೂ ಗೊತ್ತಿರ್ಬೇಕು. ಯಾರಿದಾರೆ ಮನೇಲಿ?”

“ಯಾರೂ ಇಲ್ಲ.”

“ಪಕ್ಕದ ಮನೆಯವರು?”

“ಕಸದ ಗಾಡಿ ಬಂತು ಅಂತ ಹೇಳೋಷ್ಟು ಪರಿಚಯ.”

“ತಡೀರಿ. ಬೇರೆ ಊರಲ್ಲಿ?”

“ಅತ್ತೆ ಇದಾರೆ.” ಬಾಯಿಗೆ ಅದೇ ಬಂತು.

ಡ್ರಿಲ್ಲಿಗೆ ಕಾಗದದಲ್ಲಿ ಕಲಿಸಿದರೂ ಸಾಕು, ಅತ್ತೆ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಬರೆಯಬೇಕು ಎಂದರು ಮೇಸ್ತ್ರಿ. ಕೇಳಿ ಹಾಗಾದರೆ. ಡ್ರಿಲ್ಲಿನ ಮೂತಿಯಲ್ಲಿ ತೂತು ಕೊರೆಯುವ ಕಡ್ಡಿ ಸಿಕ್ಕಿಸುತ್ತಾರೆ. ಕಡ್ಡಿ ಬದಲಾಯಿಸುವಾಗ ಪ್ಲಗ್ ಗೋಡೆಯಿಂದ ಕಿತ್ತಿರಬೇಕು. ಹಲಗೆಯನ್ನು ಕೈಯಲ್ಲಿ ಹಿಡಿಯಬಾರದು, ಮೇಜಿಗೆ ಬಿಗಿಯಬೇಕು. ಜಡೆ ಕಟ್ಟಿರಬೇಕು, ಬಳೆ ಉಂಗುರ ಇರಬಾರದು, ತೋಳು ಮಡಿಸಿರಬೇಕು. ಕಣ್ಣಿಗೆ ಕನ್ನಡಕ ಬೇಕು, ಕೈಗೆ ಕೈಗವಸು ಬೇಡ. ನಿಧಾನವಾಗಿ ಶುರು ಮಾಡಬೇಕು.

ಇಷ್ಟೆ. ನಿಮಗೆ ಸಮಯವಿದ್ದರೆ.

ಇಂತಿ,
ನಿಮ್ಮ ಸೊಸೆ, ಮಾಜಿ


ಏಪ್ರಿಲ್ ೫

ಚಿರಂಜೀವಿಗೆ,

‘ಚಿರಂಜೀವಿ ಸೌಭಾಗ್ಯವತಿ’ ಅಂತ ಅಭ್ಯಾಸಬಲದಿಂದ ಶುರು ಮಾಡಹೋಗಿ ಕೈ ನಿಂತಿತು. ಅರ್ಧ ಉಳಿಸಿಕೊಂಡಿದ್ದೇನೆ. ನೀನು ಬಹಳ ದಿನ ಬದುಕಬೇಕು ಅನ್ನುವುದಕ್ಕೆ ಯಾವ ಕೋರ್ಟೂ ತಕರಾರು ತೆಗೆಯಲಾರದು.

ಉತ್ತರ ತಡವಾಯಿತು. ನಿನ್ನ ಕಾಗದವೂ ತಡವಾಗಿಯೇ ಬಂದದ್ದು. ಮನೆ ಬಿಟ್ಟು ಹೋದವಳಿಗೆ ನಾನಿನ್ನೂ ಇದ್ದೇನೋ ಇಲ್ಲವೋ ಎಂದು ವಿಚಾರಿಸಲು ಡ್ರಿಲ್ಲು ಬೇಕಾಯಿತು.

ಪಾಠ ಒಪ್ಪಿಸುತ್ತೇನೆ. ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸುವಾಗ ನಾನು ಪೆಡಲಿನ ಮೇಲಿಂದ ಕಾಲು ತೆಗೆದಿಡುತ್ತೇನೆ. ಇದೂ ಹಾಗೆ. ಕರೆಂಟ್ ಬಿಡಿಸದೆ ಮೂತಿಗೆ ಕೈ ಹಾಕಬಾರದು. ಹಲಗೆ ಸಡಿಲವಿದ್ದರೆ ಕಡ್ಡಿಯ ಬದಲು ಹಲಗೆಯೇ ತಿರುಗಿ ಬಂದು ಹೊಡೆಯುತ್ತದೆ. ಇದನ್ನು ನೀನು ಬರೆದಿರಲಿಲ್ಲ, ನಾನೇ ಯೋಚಿಸಿದೆ. ಜೋತು ಬೀಳುವುದು ಏನೂ ಮೈಮೇಲೆ ಇರಬಾರದು. ಅವಸರ ಕೂಡದು.

ಒಂದು ಅರ್ಥವಾಗಲಿಲ್ಲ. ಬೆರಳು ಕೊರೆಯುವಂಥ ವಸ್ತುವಿನ ಮುಂದೆ ಕೈಗವಸು ಹಾಕಬಾರದು ಅನ್ನುವುದು ಎಂಥ ಬುದ್ಧಿ? ನಿನ್ನ ಮೇಸ್ತ್ರಿಯನ್ನು ಕೇಳು. ನಾನು ತಲೆ ಆಡಿಸಿಲ್ಲ ಅಂತಲೂ ಹೇಳು.

ಅವನು ಚೆನ್ನಾಗಿದ್ದಾನೆ. ನೀನು ಕೇಳಲಿಲ್ಲ, ನಾನೂ ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನ ಬರುವ ಅಂಚೆ ನನ್ನ ಕೈಗೇ ಬರುತ್ತದೆ.

ಆಶೀರ್ವಾದಗಳು.
ಅತ್ತೆ


ಜೂನ್ ೯, ಭಾನುವಾರ

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ತಡೀರಿ ಮೇಸ್ತ್ರಿ ನಿಂತಲ್ಲೇ ಎರಡು ಸಲ ಓದಿದರು. “ಹಲಗೆ ತಿರುಗಿ ಬಂದು ಹೊಡೆಯುತ್ತೆ ಅಂತ ಇವರಿಗೆ ಯಾರು ಹೇಳಿದ್ದು?” ಎಂದರು. ಅವರೇ ಯೋಚಿಸಿದ್ದು ಎಂದೆ. “ಇವರನ್ನೇ ಸದಸ್ಯರನ್ನಾಗಿ ಮಾಡ್ಕೊಳ್ಳಬಹುದಿತ್ತು” ಎಂದು ಹೇಳಿ ಡ್ರಿಲ್ಲು ನನ್ನ ಕೈಗೆ ಕೊಟ್ಟರು. ಗೋಡೆಹಲಗೆ ಆಯಿತು. ಸ್ವಲ್ಪ ವಾಲಿದೆ. ಪುಸ್ತಕಗಳೂ ವಾಲಿಕೊಂಡಿವೆ, ಎಲ್ಲರೂ ಒಂದೇ ಕಡೆಗೆ ವಾಲಿರುವುದರಿಂದ ಜಗಳವಿಲ್ಲ.

ಕೈಗವಸಿನ ಪ್ರಶ್ನೆಗೆ ಉತ್ತರ: ತಿರುಗುವ ಯಂತ್ರಕ್ಕೆ ಬರಿಯ ಬೆರಳು ತಗುಲಿದರೆ ತರಚುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಕೈಗವಸಿನ ಬಟ್ಟೆ ಸಿಕ್ಕಿಕೊಂಡರೆ ಇಡೀ ಕೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕಾಪಾಡಲಿ ಎಂದು ಹಾಕಿಕೊಂಡದ್ದೇ ಬಿಡದೆ ಹಿಡಿಯುತ್ತದೆ. ಇದಕ್ಕೆ ಬೇರೆ ಉದಾಹರಣೆ ನಾನು ಕೊಡುವುದಿಲ್ಲ.

ಈಗ ನನಗೊಂದು ಹುದ್ದೆ ಸಿಕ್ಕಿದೆ. ಪ್ರತಿ ಭಾನುವಾರ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿರುತ್ತೇನೆ ಎಂಬ ಕಾರಣಕ್ಕೆ, ಹೊಸಬರಿಗೆ ಮೊದಲ ಮಾತು ಹೇಳುವ ಕೆಲಸ ನನಗೆ ಕೊಟ್ಟಿದ್ದಾರೆ. ಬರುವವರು ನಾನಾ ಬಗೆ. ಒಬ್ಬರಿಗೆ ಎಲ್ಲ ಗೊತ್ತು, ಇನ್ನೊಬ್ಬರಿಗೆ ಎಲ್ಲದಕ್ಕೂ ಹೆದರಿಕೆ. ಹೆದರುವವರನ್ನು ಸಂಭಾಳಿಸಬಹುದು. ಹೇಳಿದ್ದು ನೆನಪಿರಲಿ ಎಂದು ಪದ್ಯ ಕಟ್ಟಿದೆ. ನನ್ನ ಚಾಳಿ ನಿಮಗೆ ಗೊತ್ತಲ್ಲ, ಪ್ರಾಸ ಸಿಕ್ಕರೆ ಊಟ ಬಿಡುವವಳು. ಬಾಗಿಲ ಹತ್ತಿರ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ:

ಬಳೆ ಉಂಗುರ ಡಬ್ಬಿಯಲ್ಲಿಡಿ,
ಬೆರಳನ್ನು ಮನೆಗೆ ಒಯ್ದುಬಿಡಿ.

ಲೇತಿಗೂ ಒಂದು ಇದೆ. ಲೇತಿನಲ್ಲಿ ಮರದ ತುಂಡು ಗಿರಗಿರ ತಿರುಗುತ್ತದೆ, ನಾವು ಉಳಿ ಹಿಡಿದು ಅದನ್ನು ಕಡೆಯುತ್ತೇವೆ. ಮರವನ್ನು ಕಚ್ಚಿ ಹಿಡಿಯಲು ಕಬ್ಬಿಣದ ಹಲ್ಲುಗಳಿವೆ. ಅವನ್ನು ಬಿಗಿಯಲು ಒಂದು ಕೀಲಿ. ಬಿಗಿದ ಮೇಲೆ ಕೀಲಿಯನ್ನು ಅಲ್ಲೇ ಬಿಟ್ಟು ಗುಂಡಿ ಒತ್ತಿದರೆ ಅದು ಕವಣೆ ಕಲ್ಲಿನ ಹಾಗೆ ಹಾರಿ ಬರುತ್ತದೆ. ಆದ್ದರಿಂದ:

ಗಟ್ಟಿ ಬಿಗಿದು ಕೀಲಿ ಕೀಳು,
ಗುಂಡಿ ಒತ್ತಿ ಸದ್ದು ಕೇಳು.

ಎಲ್ಲರ ಬಾಯಲ್ಲೂ ಇದೇ. ಒಬ್ಬರು ತಮ್ಮ ಮೊಮ್ಮಗುವನ್ನು ಮಲಗಿಸಲು ಹಾಡುತ್ತಾರಂತೆ.

ನನಗೆ ಇನ್ನು ಲೇತು ಬೇಕು. ಅದಕ್ಕೆ ಕಾಗದ ನಡೆಯುವುದಿಲ್ಲವಂತೆ. “ಲೇತಿಗೆ ಮನುಷ್ಯರೇ ಬರಬೇಕು” ಎಂದರು ಮೇಸ್ತ್ರಿ. ನಿಮ್ಮೂರಿನಿಂದ ಇಲ್ಲಿಗೆ ಬೆಳಗಿನ ಬಸ್ಸು ನೇರ ಬರುತ್ತದೆ. ಸಡಿಲ ತೋಳಿನ ಬಟ್ಟೆ ಮಾತ್ರ ಆಗದು. ಸುಮ್ಮನೆ ಹೇಳಿದೆ.

ಇಂತಿ,
ನಿಮ್ಮ ಸೊಸೆ, ಮಾಜಿ


ಜುಲೈ ೩

ಚಿರಂಜೀವಿಗೆ,

ಸುಮ್ಮನೆ ಹೇಳಿದ್ದನ್ನು ಸುಮ್ಮನೆ ಓದಿಕೊಂಡೆ.

ಮಂಡಿ ನೋವಿದೆ. ಅದಕ್ಕಿಂತ ಹೆಚ್ಚಾಗಿ ಮನೆಗೆ ಜನ ಬಂದುಹೋಗುತ್ತಿದ್ದಾರೆ. ಒಳ್ಳೆಯ ಲೋಟಗಳನ್ನು ಮೇಲಿನ ಕಪಾಟಿನಿಂದ ಇಳಿಸಿದ್ದೇವೆ. ಯಾಕೆ ಎಂದು ನೀನು ಕೇಳುವುದಿಲ್ಲ, ನಾನೂ ಬರೆಯುವುದಿಲ್ಲ.

ನಿನ್ನ ಪದ್ಯ ಬಾಯಿಪಾಠವಾಗಿದೆ. ಹೊಲಿಯುವಾಗ ಹೇಳಿಕೊಳ್ಳುತ್ತೇನೆ. ಬೇಕಾದರೆ ನೋಡು:

ಗುಂಡಿ ಒತ್ತಿ ಸದ್ದು ಕೇಳು,
ಗಟ್ಟಿ ಬಿಗಿದು ಕೀಲಿ ಕೀಳು.

ಪೆಡಲಿನ ತಾಳಕ್ಕೆ ಚೆನ್ನಾಗಿ ಕೂರುತ್ತದೆ. ಕಾಲೇಜಿನಲ್ಲಿ ನಿನಗೆ ಕಲಿಸಿದವರು ಯಾರೋ, ಸಂಬಳ ದಂಡವಾಗಿಲ್ಲ.

ಒಬ್ಬಳೇ ಇದ್ದಾಗಲೂ ಬಿಸಿ ಊಟ ಮಾಡು. ಬ್ರೆಡ್ಡಿನಲ್ಲಿ ಬದುಕುತ್ತೀ ಎಂದು ನನಗೆ ಗೊತ್ತು.

ಆಶೀರ್ವಾದಗಳು.
ಅತ್ತೆ


ಆಗಸ್ಟ್ ೧೮, ಭಾನುವಾರ

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನಕ್ಕೆ. ಸಾಲು ಅದಲುಬದಲಾಗಿತ್ತು. ಮೊದಲು ಗುಂಡಿ, ಆಮೇಲೆ ಕೀಲಿ. ವಯಸ್ಸಾಯಿತಲ್ಲ ಪಾಪ ಎಂದುಕೊಂಡು ಕಾಗದವನ್ನು ಮಡಿಸಿ ಚೀಲದಲ್ಲಿಟ್ಟೆ.

ಹೋದ ಭಾನುವಾರದವರೆಗೆ ಅದು ಚೀಲದಲ್ಲೇ ಇತ್ತು.

ನಮ್ಮಲ್ಲಿಗೆ ಹೂವಿನಂಗಡಿಯಾಕೆಯೊಬ್ಬಳು ಹೊಸದಾಗಿ ಸೇರಿದ್ದಾಳೆ. ಗಂಡನ ತಾಯಿಗೆ ಊರುಗೋಲು ಕಡೆದುಕೊಡಬೇಕೆಂದು ಲೇತು ಕಲಿಯುತ್ತಿದ್ದಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರು. ಆಚೆ ಯಾರೋ ಕನ್ನಡಕ ಹಾಕದೆ ಗರಗಸ ಎತ್ತಿದ್ದನ್ನು ಕಂಡು “ತಡೀರಿ” ಎಂದು ಆ ಕಡೆ ತಿರುಗಿದರು, ಅಷ್ಟೆ. ಇವಳು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತ ಗುಂಡಿ ಒತ್ತಿದಳು. ಕೀಲಿ ಹಲ್ಲಿನಲ್ಲೇ ಇತ್ತು. ಅವಳ ಕಿವಿಯ ಪಕ್ಕದಿಂದ ಹಾರಿ ತಗಡಿನ ಬಾಗಿಲಿಗೆ ಬಡಿಯಿತು. ಬಾಗಿಲು ಗುಳಿ ಬಿದ್ದಿದೆ. ಅವಳಿಗೆ ಏನೂ ಆಗಲಿಲ್ಲ. ಆಗಬಹುದಿತ್ತು ಎಂಬುದು ಎಲ್ಲರ ಮುಖದ ಮೇಲೂ ಇತ್ತು.

ಮೇಸ್ತ್ರಿ ಯಂತ್ರ ನಿಲ್ಲಿಸಿ, ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟರು.

“ನಾನು ಪದ್ಯ ಹೇಳ್ಕೊಂಡೇ ಮಾಡಿದ್ದು ಕಣ್ರೀ” ಎಂದಳು.

“ಹೇಳಿ ನೋಡೋಣ.”

ಹೇಳಿದಳು. ನೀವು ಬರೆದ ಹಾಗೆಯೇ ಹೇಳಿದಳು, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ.

ಪ್ರಾಸಕ್ಕೆ ಯಾವ ಸಾಲು ಮೊದಲಾದರೇನು, ಕಿವಿಗೆ ಎರಡೂ ಒಂದೇ. ಕೈಗೆ ಒಂದಲ್ಲ. ನಿಮ್ಮ ತಪ್ಪು ನನ್ನ ಚೀಲದಲ್ಲಿ ಕುಳಿತು ಎಚ್ಚರಿಸುತ್ತಿತ್ತು, ನಾನು ಅದನ್ನು ಮುಪ್ಪು ಎಂದು ಓದಿದೆ.

ಮೇಸ್ತ್ರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಲೆಕ್ಕ ಮುಗಿಯುತ್ತಿತ್ತು. ಗೋಡೆಯ ಪದ್ಯಗಳನ್ನು ಒಂದೊಂದಾಗಿ, ಹರಿಯದ ಹಾಗೆ, ಉಗುರಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು. “ಚೆನ್ನಾಗಿವೆ. ಮನೇಲಿ ಇಟ್ಕೊಳ್ಳಿ” ಎಂದರು.

ಆ ಮೇಲೆ ನಾನೂ ಹೂವಿನಾಕೆಯೂ ಸೇರಿ ಕೀಲಿಯ ತುದಿಗೆ ಒಂದು ಸ್ಪ್ರಿಂಗ್ ಕೂರಿಸಿದೆವು. ಈಗ ಕೈಯಿಂದ ಒತ್ತಿ ಹಿಡಿದಿದ್ದರೆ ಮಾತ್ರ ಅದು ಹಲ್ಲಿನೊಳಗೆ ನಿಲ್ಲುತ್ತದೆ. ಬಿಟ್ಟರೆ ತಾನೇ ಕೆಳಗೆ ಬೀಳುತ್ತದೆ. ಹೊಸಬರಿಗೆ ಬಾಯಿಪಾಠವೂ ಇಲ್ಲ. ಕರೆಂಟ್ ಬಿಡಿಸಿಟ್ಟು, ಮೊದಲಿನಿಂದ ಕೊನೆಯವರೆಗೆ ಕೈಯಲ್ಲಿ ಮಾಡಿ ತೋರಿಸಬೇಕು. ನಾವು ಮುಖ ನೋಡುವುದಿಲ್ಲ, ಮಾತು ಕೇಳುವುದಿಲ್ಲ, ಕೈ ಮಾತ್ರ ನೋಡುತ್ತೇವೆ. ತಪ್ಪುವ ಮುಂಚೆ ಕೈ ಒಂದು ಕ್ಷಣ ಅನುಮಾನಿಸುತ್ತದೆ. ಆಗ ಹಿಡಿಯಬೇಕು.

ಲೇತಿಗೆ ಮನುಷ್ಯರೇ ಬರಬೇಕು ಎಂದು ಮೇಸ್ತ್ರಿ ಯಾಕೆ ಹಟ ಹಿಡಿದರೆಂದು ಈಗ ತಿಳಿಯಿತು. ಕಾಗದದಲ್ಲಿ ಕೈ ಕಾಣುವುದಿಲ್ಲ.

ಅತ್ತೆ, ಈ ಸಲ ಸುಮ್ಮನೆ ಹೇಳುತ್ತಿಲ್ಲ. ಬನ್ನಿ. ಒಂದು ದಿನದ ಮಟ್ಟಿಗೆ. ಲೇತಿಲ್ಲದಿದ್ದರೂ ನನ್ನ ಜೀವನ ನಡೆಯುತ್ತದೆ, ಚಷ್ಮಾ ಅಂಗಡಿಯಲ್ಲಿ ಅದರಿಂದ ಏನೂ ಆಗಬೇಕಾಗಿಲ್ಲ. ಆದರೆ ‘ಮನೆಯಿಂದ ಯಾರು?’ ಎಂದು ಅವರು ಕೇಳಿದಾಗ, ಇವರು ಎಂದು ಒಬ್ಬರ ಕಡೆ ಕೈ ತೋರಿಸಬೇಕೆಂದು ನನಗೆ ಆಸೆಯಾಗಿದೆ.

ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಇಂತಿ,
ನಿಮ್ಮ ಸೊಸೆ


ನವೆಂಬರ್ ೧೪

ಚಿರಂಜೀವಿಗೆ,

ನೀನು ನಿಲ್ದಾಣಕ್ಕೆ ಎಷ್ಟು ಭಾನುವಾರ ಹೋಗಿ ಬಂದೆಯೋ ನನಗೆ ತಿಳಿಸಬೇಡ.

ಟಿಕೆಟ್ ತೆಗೆಸಿದ್ದೆ. ಸಡಿಲ ತೋಳು ಆಗದು ಅಂದಿದ್ದೆಯಲ್ಲ, ಮೈಗೆ ಅಂಟುವ ತೋಳಿನ ಅಂಗಿಯೊಂದನ್ನು ಹೊಲಿದುಕೊಂಡಿದ್ದೆ. ಹಾಕಿ ನೋಡಿದರೆ ಸರ್ಕಸ್ಸಿನವಳ ಹಾಗೆ ಕಂಡೆ. ಈಗ ಅದನ್ನು ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತೇನೆ.

ಅವನ ಮದುವೆಯಾಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ, ಹೋಟೆಲಿನಲ್ಲಿ ಊಟ. ಹೊಸಬಳು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಾಳೆ. ಒಳ್ಳೆಯವಳು. ಗಟ್ಟಿಯಾಗಿ ನಗುತ್ತಾಳೆ, ಅಡುಗೆಮನೆಯಲ್ಲಿ ನಕ್ಕರೆ ಮೆಟ್ಟಿಲವರೆಗೆ ಕೇಳುತ್ತದೆ. ಈ ಮನೆಯಲ್ಲಿ ಅಷ್ಟು ದೂರ ಹೋಗುವ ಸದ್ದು ಕುಕ್ಕರಿನದು ಮಾತ್ರ ಇತ್ತು.

ನಾನು ಹೊರಡಬೇಕಿದ್ದ ವಾರ ಅವನು ಮಾತು ನಿಲ್ಲಿಸಿದ. ಹೇಗೆ ನಿಲ್ಲಿಸುತ್ತಾನೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಊಟಕ್ಕೆ ಬರುತ್ತಾನೆ, ಪೇಪರ್ ಓದುತ್ತಾನೆ, ದೀಪ ಆರಿಸುತ್ತಾನೆ, ಎದುರಿಗೆ ಒಬ್ಬಳು ಇದ್ದಾಳೆ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾನೆ. ಹೊಸಬಳು ಮೂರನೆಯ ದಿನಕ್ಕೆ ನನ್ನ ಹತ್ತಿರ ಬಂದು ಬಾಗಿಲು ಹಾಕಿಕೊಂಡಳು.

“ಅತ್ತೆ, ನಾನೇನು ಮಾಡ್ದೆ?” ಅಂದಳು.

ಇಷ್ಟು ವರ್ಷದಲ್ಲಿ ನೀನು ಒಮ್ಮೆಯೂ ಹಾಗೆ ಬಂದು ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ. ನಿನಗೆ ಈ ಮನೆಯನ್ನು ಯಾರೂ ತೋರಿಸಿಕೊಡಲಿಲ್ಲ, ಸುಟ್ಟುಕೊಂಡೇ ಕಲಿತೆ. ಇವಳಿಗೆ ನಿನ್ನ ಮೇಸ್ತ್ರಿಯ ರೀತಿಯಲ್ಲಿ ತೋರಿಸುತ್ತಿದ್ದೇನೆ. ಪಕ್ಕದಲ್ಲಿ ನಿಂತು. ಅದನ್ನು ಕಲಿಸಿದವಳು ನೀನು. ಟಿಕೆಟ್ ವಾಪಸು ಮಾಡಿಸಿದೆ.

ನಿನ್ನ ಕಾಗದ ನನ್ನ ಕೈಯಲ್ಲಿದ್ದಾಗ ಅವಳು ನೋಡಿ, “ಯಾರದು ಅತ್ತೆ?” ಅಂದಳು. ಹಳೆ ಪರಿಚಯ ಅಂದೆ. ಅವತ್ತಿಡೀ ಹೊಲಿಗೆ ಒಂದೂ ನೆಟ್ಟಗೆ ಬರಲಿಲ್ಲ.

ಕೇಳು. ನನಗೆ ಇವಳು ಸೊಸೆ. ಅವಳಿಗೆ ತಿಳಿಯದ ಹಾಗೆ ಇನ್ನೊಬ್ಬ ಸೊಸೆಯನ್ನು ಇಟ್ಟುಕೊಳ್ಳುವ ವಯಸ್ಸಲ್ಲ ನನ್ನದು. ತಿಳಿಸಿದರೆ ನಗುವುದನ್ನು ನಿಲ್ಲಿಸಿ, ನೀನು ಯಾಕೆ ಹೋದೆ ಎಂದು ಯೋಚಿಸಲು ಕೂರುತ್ತಾಳೆ. ನಿನ್ನ ಪಾಲಿಗೆ ಯಂತ್ರ ನಿಂತಿದೆ. ಅವಳ ಪಾಲಿಗೆ ಈಗಷ್ಟೇ ಶುರುವಾಗಿದೆ. ಒಬ್ಬರ ಪಕ್ಕದಲ್ಲಿ ಮಾತ್ರ ನಿಲ್ಲಬಲ್ಲೆ.

ಇನ್ನು ಬರೆಯುವುದಿಲ್ಲ. ಬಿಸಿ ಊಟ ಮಾಡು.

ಆಶೀರ್ವಾದಗಳು.
ಅತ್ತೆ


ಡಿಸೆಂಬರ್ ೮, ಭಾನುವಾರ

ಅತ್ತೆಯವರಿಗೆ ನಮಸ್ಕಾರಗಳು.

ಇದೊಂದು ಕಾಗದ ಓದಿ, ಹರಿದು ಒಲೆಗೆ ಹಾಕಿ.

ಲೇತು ನನಗೆ ಸಿಕ್ಕಿತು. ಮನೆಯಿಂದ ಯಾರೂ ಬರುವುದಿಲ್ಲ ಎಂದು ಮೇಸ್ತ್ರಿಗೆ ಹೇಳುವಾಗ ಹೂವಿನಾಕೆ ಅಲ್ಲೇ ಇದ್ದಳು. “ಅದಕ್ಕೇನಂತೆ, ನಮ್ಮತ್ತೆಯನ್ನ ಒಂದು ದಿನಕ್ಕೆ ಕಡ ಕೊಡ್ತೀನಿ. ವಾಪಸ್ ಮಾತ್ರ ಕೊಡ್ಬೇಡಿ” ಎಂದಳು. ಮೇಸ್ತ್ರಿ ತಡೀರಿ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಆಕೆ ಬಂದರು. ನನ್ನನ್ನು ಎರಡು ಸಲ ಚೆನ್ನಾಗಿ ಬೈದರು, ಒಮ್ಮೆ ಬೇಗ ಬೇಗ ಹೇಳಿದ್ದಕ್ಕೆ, ಒಮ್ಮೆ ನಿಧಾನವಾಗಿ ಹೇಳಿದ್ದಕ್ಕೆ. ಗುಂಡಿಯ ಕಡೆ ಅವರ ಕೈ ಅವಸರದಿಂದ ಹೋದಾಗ ಮಣಿಕಟ್ಟು ಹಿಡಿದು ನಿಲ್ಲಿಸಿದೆ. ಅವರು ನಕ್ಕರು. ಎಲ್ಲ ಸರಿಯಾಗಿ ಆಯಿತು. ಮೇಸ್ತ್ರಿ ಒಪ್ಪಿದರು. ಸಂಜೆ ಹೋಗುವಾಗ ಆಕೆ ತಮ್ಮ ಸೊಸೆಯ ಜೊತೆ ಹೋದರು.

ಹೊಸಬಳ ವಿಷಯ. ನೀವು ಕೇಳಲಿಲ್ಲ. ಆದರೆ ಆ ಯಂತ್ರದ ಮುಂದೆ ನನ್ನಷ್ಟು ದಿನ ನಿಂತವರು ಬೇರೆ ಯಾರೂ ಇಲ್ಲವಾದ್ದರಿಂದ ಹೇಳುತ್ತಿದ್ದೇನೆ. ಇದರಲ್ಲಿ ಪ್ರಾಸ ಹುಡುಕಬೇಡಿ.

ನಿಮ್ಮ ಮಗ ಮಾತು ನಿಲ್ಲಿಸಿದ ದಿನ ಅವಳು ಮಾಡಿದ್ದು ಏನು ಎಂದು ಹುಡುಕಲು ಅವಳನ್ನು ಬಿಡಬೇಡಿ. ನಾನು ಹುಡುಕುತ್ತ ಹುಡುಕುತ್ತ, ಬಟ್ಟೆ ಒಣಗಿಸುವ ರೀತಿಯನ್ನೂ ಬದಲಾಯಿಸಿಕೊಂಡಿದ್ದೆ. ಅಲ್ಲಿ ಏನೂ ಇರುವುದಿಲ್ಲ. ಬಾಗಿಲ ಹೊರಗೆ ನಿಂತು ‘ಏನಾಯ್ತು’ ಎಂದು ಕೇಳುವುದೂ ಬೇಡ. ಅವರು ಮಾತಾಡದಿದ್ದರೂ ಅವಳು ಮಾತಾಡುತ್ತಲೇ ಇರಲಿ, ಉತ್ತರ ಬರಲಿ ಬಿಡಲಿ, ನಿಮ್ಮೊಂದಿಗೆ, ಹಾಲಿನವರೊಂದಿಗೆ, ಫೋನಿನಲ್ಲಿ ತವರಿನವರೊಂದಿಗೆ. ನಾನೂ ಮಾತು ನಿಲ್ಲಿಸಿ ನೋಡಿದೆ. ಒಂದು ಮನೆಯಲ್ಲಿ ಇಬ್ಬರೂ ಮಾತು ನಿಲ್ಲಿಸಿದ ಮೇಲೆ ಮತ್ತೆ ಯಾರು ಶುರು ಮಾಡಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ.

ಅವಳು ಚೆನ್ನಾಗಿದ್ದೇನೆ ಎಂದರೆ ನಂಬಬೇಡಿ. ಕೈ ನೋಡಿ. ನಾನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ನಿಮಗೆ ಅದು ಕಂಡಿರಲಿಕ್ಕಿಲ್ಲ, ನಾನು ಸಿಂಕಿನ ಕಡೆ ತಿರುಗಿ ನಿಂತಿರುತ್ತಿದ್ದೆ. ಇವಳು ಹಾಗೆ ಮಾಡಿದ ದಿನ ತಟ್ಟೆಯನ್ನು ಅವಳ ಕೈಯಿಂದ ತೆಗೆದಿಟ್ಟು ಹೊರಗೆ ಕರೆದುಕೊಂಡು ಹೋಗಿ. ಎಲ್ಲಿಗಾದರೂ ಸರಿ. ಮಾರನೆಯ ದಿನ ಅಲ್ಲ, ಅವತ್ತೇ.

ಇದನ್ನೆಲ್ಲ ನಿಮ್ಮ ಮಾತಿನಲ್ಲಿ ತಿರುಗಿ ಬರೆದು ತೋರಿಸಬೇಕಾಗಿಲ್ಲ.

ನಾನಿನ್ನು ಹೊರಡಬೇಕು. ಇವತ್ತು ಲೇತಿಗೆ ಇಬ್ಬರು ಹೊಸಬರು ಬರುತ್ತಿದ್ದಾರೆ. ಒಬ್ಬರು ಹೆಂಡತಿಯನ್ನು ಕರೆತರುತ್ತಾರಂತೆ, ಇನ್ನೊಬ್ಬಳ ಜೊತೆ ಅಣ್ಣ, ಅತ್ತಿಗೆ, ಚಿಕ್ಕಮ್ಮ ಎಲ್ಲ ಬರುತ್ತಾರಂತೆ. ಬೇಗ ಹೋಗಿ ಮನೆಯವರಿಗೆ ಕುರ್ಚಿ ಹಾಕಬೇಕು.

ಇಂತಿ,
ನಿಮ್ಮ ಹಳೆ ಪರಿಚಯ